ಓದುಗರ ಪ್ರಶ್ನೆ: ವೆನಿಸ್‌ನಲ್ಲಿ ಎರಡು ರಾತ್ರಿ

ಪ್ರಶ್ನೆ: ವೆನಿಸ್‌ಗೆ ನಮಗೆ ಸಿಗುವುದು ಎರಡೇ ರಾತ್ರಿ. ಊರೊಳಗಿನ ಹೋಟೆಲ್ ದುಬಾರಿ, ಪಕ್ಕದ ಮೆಸ್ತ್ರೆಯಲ್ಲಿ ಅಗ್ಗ. ಎಲ್ಲಿ ಉಳಿಯುವುದು ಒಳ್ಳೆಯದು? ಊರಿಗೆ ಕಾಲಿಡಲೂ ಶುಲ್ಕವಿದೆಯಂತೆ, ನಿಜವೇ?

ಉತ್ತರ: ಎರಡೇ ರಾತ್ರಿಯಾದರೆ ಊರೊಳಗೇ ಉಳಿಯಿರಿ, ಕೋಣೆ ಚಿಕ್ಕದಾದರೂ ಚಿಂತೆಯಿಲ್ಲ. ಮೆಸ್ತ್ರೆಯಿಂದ ಸಾಂತಾ ಲೂಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ದೂರದ ತೊಂದರೆಯೇನಿಲ್ಲ. ತೊಂದರೆಯಿರುವುದು ಹೊತ್ತಿನದು. ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ರಿಯಾಲ್ಟೊ ಮತ್ತು ಸಾನ್ ಮಾರ್ಕೊ ನಡುವಿನ ಓಣಿಗಳಲ್ಲಿ ಹೆಜ್ಜೆಯಿಡಲು ಜಾಗವಿರುವುದಿಲ್ಲ. ಬೆಳಗ್ಗೆ ಎಂಟರೊಳಗೆ ಮತ್ತು ರಾತ್ರಿ ಊಟದ ನಂತರ ಅವೇ ಓಣಿಗಳಲ್ಲಿ ನೀರಿನ ಸದ್ದು ಕೇಳಿಸುತ್ತದೆ. ಮೆಸ್ತ್ರೆಯಲ್ಲಿ ಉಳಿದವರ ಕೈತಪ್ಪುವುದು ಆ ಹೊತ್ತೇ.

ಕೋಣೆ ಕಾಯ್ದಿರಿಸುವ ಮುನ್ನ ನಕ್ಷೆ ತೆರೆದು, ದೋಣಿ ನಿಲ್ದಾಣದಿಂದ ಹೋಟೆಲ್‌ವರೆಗೆ ಎಷ್ಟು ಸೇತುವೆಗಳಿವೆ ಎಂದು ಎಣಿಸಿ. ಊರಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ಮೂರು ಸೇತುವೆ ದಾಟಬೇಕೆಂದರೆ ಚಕ್ರದ ಸೂಟ್‌ಕೇಸನ್ನು ಮೂರು ಸಲ ಎತ್ತಿ ಇಳಿಸಬೇಕು. ಬಸ್ಸು ಬಂದು ನಿಲ್ಲುವ ಪಿಯಾತ್ಸಾಲೆ ರೋಮಾ ಮತ್ತು ರೈಲು ನಿಲ್ದಾಣದ ನಡುವೆಯೂ ಮೆಟ್ಟಿಲಿನ ಸೇತುವೆಯೇ ಇದೆ.

ವಿಳಾಸದ ವಿಷಯದಲ್ಲೂ ಎಚ್ಚರ. ಇಲ್ಲಿ ಮನೆ ಸಂಖ್ಯೆ ಬೀದಿಗೊಂದರಂತೆ ಶುರುವಾಗುವುದಿಲ್ಲ. ಊರನ್ನು ಸೆಸ್ತಿಯೆರೆ ಎಂಬ ಆರು ಭಾಗಗಳಾಗಿ ವಿಂಗಡಿಸಿದ್ದಾರೆ, ಒಂದು ಭಾಗಕ್ಕೆಲ್ಲ ಒಂದೇ ಸಾಲು ಸಂಖ್ಯೆ, ಅದು ಸಾವಿರಗಳವರೆಗೆ ಓಡುತ್ತದೆ. ಹಾಗಾಗಿ ಸೆಸ್ತಿಯೆರೆಯ ಹೆಸರು, ಸಂಖ್ಯೆ ಮಾತ್ರ ಇದ್ದರೆ ದಾರಿ ಹೇಳುವವರೂ ತಡಕಾಡುತ್ತಾರೆ. ಓಣಿ ಯಾವುದು, ಹತ್ತಿರದ ಚೌಕ (ಅಲ್ಲಿ ಅದಕ್ಕೆ ಕಾಂಪೊ ಎನ್ನುತ್ತಾರೆ) ಯಾವುದು ಎಂದು ಹೋಟೆಲ್‌ನವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಪ್ರವೇಶ ಶುಲ್ಕ ನಿಜ, 2024ರ ಏಪ್ರಿಲ್ 25ರಂದು ಆರಂಭವಾಯಿತು. 2025ರಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ 54 ದಿನ, ಬೆಳಗ್ಗೆ 8.30ರಿಂದ ಸಂಜೆ 4ರವರೆಗೆ ಅನ್ವಯವಾಗಿತ್ತು. ಮೊದಲೇ ಕಟ್ಟಿದರೆ 5 ಯೂರೊ, ಕೊನೆ ಗಳಿಗೆಯಲ್ಲಿ 10. ರಾತ್ರಿ ಉಳಿಯುವವರು ಅದನ್ನು ಕಟ್ಟಬೇಕಿಲ್ಲ, ಹೋಟೆಲ್‌ನಲ್ಲಿ ಪ್ರವಾಸಿ ತೆರಿಗೆ ಕೊಡುತ್ತಾರೆ. ಆದರೆ ವಿನಾಯಿತಿ ತಾನಾಗಿ ಬರುವುದಿಲ್ಲ. ನಗರಸಭೆಯ ಜಾಲತಾಣದಲ್ಲಿ ನೋಂದಾಯಿಸಿ ಕ್ಯೂಆರ್ ಕೋಡ್ ಪಡೆದಿರಬೇಕು. ಹೊರಡುವ ಮುನ್ನ ಆ ವರ್ಷದ ದಿನಾಂಕ, ದರ ಎರಡನ್ನೂ ಅಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ದೋಣಿ ಪಾಸು ಕೊಳ್ಳಬೇಕೇ? ಗೊಂಡೋಲಾಕ್ಕೆ ಎಷ್ಟಾಗುತ್ತದೆ?

ಉತ್ತರ: ಊರಿನ ಬಸ್ಸೆಂದರೆ ವಪೊರೆತ್ತೊ ಎಂಬ ದೋಣಿ. 2025ರ ದರದಲ್ಲಿ 75 ನಿಮಿಷದ ಟಿಕೆಟ್ 9.50 ಯೂರೊ, 48 ಗಂಟೆಯ ಪಾಸು 35. ಅಂದರೆ ನಾಲ್ಕು ಸಲ ಹತ್ತಿದರೆ ಪಾಸು ಲಾಭ. ಗಟ್ಟಿ ಕಾಲಿನವರಿಗೆ ಅಷ್ಟು ಬೇಕಾಗುವುದಿಲ್ಲ. ನಿಮ್ಮ ಅಮ್ಮನಿಗೆ ಮಾತ್ರ ಖಂಡಿತ ಕೊಳ್ಳಿ, ಏಕೆಂದರೆ ಒಂದನೇ ನಂಬರಿನ ದೋಣಿ ದೊಡ್ಡ ಕಾಲುವೆಯ ಆಚೆ ದಡ ಈಚೆ ದಡ ಮುಟ್ಟುತ್ತಾ ಸಾಗುತ್ತದೆ. ರಿಯಾಲ್ಟೊ ಸೇತುವೆಯ ಮೆಟ್ಟಿಲು ಹತ್ತದೆ ಆಚೆಗೆ ಹೋಗಲು ಅದು ಸುಲಭದ ದಾರಿ. ಅವಸರವಿದ್ದರೆ ಎರಡನೇ ನಂಬರು, ಅದು ಕಡಿಮೆ ಕಡೆ ನಿಲ್ಲುತ್ತದೆ.

ಪಾಸಿನ ಗಂಟೆ ಕೊಂಡಾಗಿನಿಂದ ಶುರುವಾಗುವುದಿಲ್ಲ, ಯಂತ್ರಕ್ಕೆ ಮೊದಲ ಸಲ ತಾಗಿಸಿದಾಗಿನಿಂದ ಶುರುವಾಗುತ್ತದೆ. ಪ್ರತಿ ಸಲ ಹತ್ತುವಾಗಲೂ ತಾಗಿಸಬೇಕು. ದೊಡ್ಡ ನಿಲ್ದಾಣಗಳಲ್ಲಿ ಒಂದಕ್ಕಿಂತ ಹೆಚ್ಚು ತೇಲುಕಟ್ಟೆಗಳಿರುತ್ತವೆ. ಕಟ್ಟೆಯ ಮೇಲೆ ಬರೆದ ಅಕ್ಷರ ನೋಡದೆ ಹತ್ತಿದರೆ ವಿರುದ್ಧ ದಿಕ್ಕಿಗೆ ಹೊರಟುಹೋಗುತ್ತೀರಿ. ವಿಮಾನ ನಿಲ್ದಾಣದಿಂದ ಬರುವ ಅಲಿಲಗೂನಾ ದೋಣಿ ಬೇರೆ ಸಂಸ್ಥೆಯದು, ಅಲ್ಲಿ ಈ ಪಾಸು ನಡೆಯುವುದಿಲ್ಲ.

ಗೊಂಡೋಲಾದ ಅಧಿಕೃತ ದರ ಹಗಲು 30 ನಿಮಿಷಕ್ಕೆ 90 ಯೂರೊ, ಸಂಜೆ ಏಳರ ನಂತರ 35 ನಿಮಿಷಕ್ಕೆ 110. ಇದು ದೋಣಿಗೆ, ತಲೆಗಲ್ಲ. ಐವರವರೆಗೆ ಕೂರಬಹುದು. ಸಮಯ, ದಾರಿ ಎರಡನ್ನೂ ಹತ್ತುವ ಮುನ್ನವೇ ಮಾತಾಡಿಕೊಳ್ಳಿ. ದೊಡ್ಡ ಕಾಲುವೆಯಲ್ಲಿ ಮೋಟಾರು ದೋಣಿಗಳ ಅಲೆಗೆ ಗೊಂಡೋಲಾ ಕುಲುಕುತ್ತದೆ, ಸಣ್ಣ ಕಾಲುವೆಗಳೇ ಚೆಂದ. ಕೂತ ಅನುಭವವಷ್ಟೇ ಸಾಕೆನ್ನುವವರಿಗೆ ಸಾಂತಾ ಸೋಫಿಯಾದಿಂದ ರಿಯಾಲ್ಟೊ ಸಂತೆಗೆ ದಾಟಿಸುವ ತ್ರಗೆತ್ತೊ ಇದೆ, 2 ಯೂರೊ. ಅದೂ ಇಬ್ಬರು ಹುಟ್ಟುಹಾಕುವ ಗೊಂಡೋಲಾವೇ.

ಪ್ರಶ್ನೆ: ನವೆಂಬರ್‌ನಲ್ಲಿ ಹೋದರೆ ಊರು ಮುಳುಗಿರುತ್ತದೆಯೇ?

ಉತ್ತರ: ಮುಳುಗಿಯೇ ಇರುವುದಿಲ್ಲ. ‘ಆಕ್ವಾ ಆಲ್ತಾ’ ಎಂಬುದು ಸಮುದ್ರದ ಉಬ್ಬರ, ಏರಿದ ನೀರು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರದ ಹೊತ್ತಿಗೇ ಆಗ್ನೇಯದ ಸಿರೊಕ್ಕೊ ಗಾಳಿ ಬೀಸಿ, ವಾಯುಭಾರವೂ ಕುಸಿದರೆ, ಏಡ್ರಿಯಾಟಿಕ್‌ನ ನೀರು ಉತ್ತರದ ಮೂಲೆಗೆ, ಅಂದರೆ ವೆನಿಸ್ ಕಡೆಗೆ ಒತ್ತಿಕೊಂಡು ಬರುತ್ತದೆ. 1966ರ ನವೆಂಬರ್ 4ರಂದು 194 ಸೆಂ.ಮೀ., 2019ರ ನವೆಂಬರ್ 12ರಂದು 187 ಸೆಂ.ಮೀ. ಮುಟ್ಟಿತ್ತು. ಈ ಅಂಕಿ ಬೀದಿಯಲ್ಲಿ ನಿಂತ ನೀರಿನ ಆಳವಲ್ಲ, ಅಳತೆಗಂಬದ ಮಟ್ಟ. ಎಷ್ಟೋ ಜನ ಹೆದರುವುದು ಇದು ತಿಳಿಯದೆ. ಸಾನ್ ಮಾರ್ಕೊ ಚೌಕ ತೀರಾ ತಗ್ಗು, 80–90 ಸೆಂ.ಮೀ. ಆಗುವಷ್ಟರಲ್ಲೇ ಅಲ್ಲಿನ ಚರಂಡಿ ಕಿಂಡಿಗಳಿಂದ ನೀರು ಮೇಲೆ ಉಕ್ಕುತ್ತದೆ. ಊರಿನ ಬಹುಭಾಗ ಆಗಲೂ ಒಣಗೇ ಇರುತ್ತದೆ.

2020ರ ಅಕ್ಟೋಬರ್ 3ರಂದು ಮೊದಲ ಸಲ ಕೆಲಸಕ್ಕಿಳಿದ ಮೊಸೆ ತಡೆಗೋಡೆ ಈಗ ದೊಡ್ಡ ಉಬ್ಬರವನ್ನು ತಡೆಯುತ್ತಿದೆ. ಲಿದೊ, ಮಲಮೊಕ್ಕೊ, ಕ್ಯೊಜ್ಜಾ ಅಳಿವೆಬಾಯಿಗಳಲ್ಲಿ 78 ಬಾಗಿಲುಗಳಿವೆ. ನೀರು 110 ಸೆಂ.ಮೀ. ಮುಟ್ಟುವ ಮುನ್ಸೂಚನೆಯಿದ್ದಾಗ ಅವನ್ನು ಎತ್ತುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ ಎತ್ತದಿರಬಹುದು, ಆಗ ಚೌಕ ಒದ್ದೆಯಾಗುತ್ತದೆ. ಹಿಂದಿನ ರಾತ್ರಿ ನಗರಸಭೆಯ ಉಬ್ಬರ ಮುನ್ಸೂಚನೆ ನೋಡಿ, ಚೌಕದ ಭೇಟಿಯನ್ನು ಇಳಿತದ ಹೊತ್ತಿಗೆ ಹೊಂದಿಸಿಕೊಂಡರೆ ಸಾಕು. ಹಲಗೆ ದಾರಿ ಹಾಕಿದ್ದರೆ ಬಲಬದಿಯಲ್ಲೇ ನಡೆಯಿರಿ, ಫೋಟೊಕ್ಕಾಗಿ ನಿಲ್ಲಬೇಡಿ. ನೀರು ಹೆಚ್ಚಾದಾಗ ತಗ್ಗು ಸೇತುವೆಗಳಡಿ ನುಸುಳಲಾರದೆ ಕೆಲವು ವಪೊರೆತ್ತೊಗಳು ಮಾರ್ಗ ಬದಲಿಸುತ್ತವೆ, ರೈಲು ಹಿಡಿಯುವ ದಿನ ಇದು ನೆನಪಿರಲಿ.

ಪ್ರಶ್ನೆ: ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬಹುದು?

ಉತ್ತರ: ಹೆಸರಿಗೆ ಮೋಸಹೋಗಬೇಡಿ. ‘ಬಿಗೊಲಿ ಇನ್ ಸಾಲ್ಸಾ’ ನೋಡಲು ಈರುಳ್ಳಿ ಗೊಜ್ಜು ಕಲಸಿದ ಶಾವಿಗೆಯಂತಿರುತ್ತದೆ, ಅದರಲ್ಲಿ ಆಂಚೊವಿ ಮೀನು ಕರಗಿರುತ್ತದೆ. ಬಟಾಣಿ ಅನ್ನವಾದ ‘ರಿಸಿ ಎ ಬಿಸಿ’ಗೆ ಹೆಚ್ಚಾಗಿ ಹಂದಿಮಾಂಸ ಬೀಳುತ್ತದೆ, ರಿಸೊತ್ತೊಗೆ ಮೀನು ಅಥವಾ ಮಾಂಸದ ಸಾರು. ಮರಿನಾರಾ ಪಿಜ್ಜಾ ಮಾತ್ರ ಹೆಸರಲ್ಲಿ ಕಡಲಿದ್ದರೂ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊದ್ದು, ಚೀಸ್ ಕೂಡ ಇರುವುದಿಲ್ಲ. ವಸಂತದಲ್ಲಿ ಹೋದರೆ ಸಾಂತೆರಾಸ್ಮೊ ದ್ವೀಪದ ಎಳೆಯ ಆರ್ಟಿಚೋಕ್ ಕೇಳಿ ತಿನ್ನಿ, ಅದರ ಹೆಸರು ಕಾಸ್ತ್ರಾವುರೆ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದಿದ್ದರೆ ಅದು ಮೇಜಿನ ಶುಲ್ಕ, ತಲೆಗೆ ಇಷ್ಟೆಂದು ಮೆನುವಿನಲ್ಲೇ ಬರೆದಿರುತ್ತಾರೆ.