ಮಗ ಡಿಫೆಂಡರ್ ಆಗ್ತಾನಂತೆ ಅಂದಿರಲ್ಲ, ಅದಕ್ಕೆ

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಶಿವಮೊಗ್ಗದಿಂದ ಇಂಗ್ಲೆಂಡಿಗೆ ಬಂದು ಐದೇ ತಿಂಗಳು, ನಿಮಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಯಜಮಾನರು ಇನ್ನೂ ಕೆಲಸ ಹುಡುಕ್ತಿದಾರೆ. ಹದಿಮೂರು ವರ್ಷದ ಮಗ ಫುಟ್‌ಬಾಲಲ್ಲಿ ಡಿಫೆಂಡರ್, ಅಂದರೆ ಎದುರಾಳಿ ಗೋಲ್ ಹೊಡೆಯದ ಹಾಗೆ ಹಿಂದೆ ನಿಂತು ತಡೆಯೋನು. ಅವನ ಆಟ ನೋಡಿ ಇಲ್ಲಿನ ನಾಲ್ಕನೇ ಮಟ್ಟದ ಲೀಗಾದ ಲೀಗ್ ಟೂನ ಒಂದು ಕ್ಲಬ್ಬಿನವರು ಟ್ರಯಲ್‌ಗೆ, ಅಂದರೆ ಆಡಿಸಿ ನೋಡೋಕೆ, ಕರೆದಿದಾರೆ. ‘ಅಣ್ಣ, ಇಲ್ಲಿ ಜೀವನ ಹೇಗೆ, ಫುಟ್‌ಬಾಲಲ್ಲಿ ಹೊಟ್ಟೆ ತುಂಬುತ್ತಾ, ಓದು ಬಿಡಿಸಿ ಆ ಕಡೆ ಹಾಕಿದ್ರೆ ತಪ್ಪಾ’ ಅಂತ ಕೇಳಿದೀರಿ. ಮನೆ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ನಾಲ್ಕು ಗಂಟೆಗೇ ಕತ್ತಲಾಗೋ ಡಿಸೆಂಬರ್, ಇವೆಲ್ಲ ಒಂದು ವರ್ಷದಲ್ಲಿ ತಾನಾಗಿ ಅಭ್ಯಾಸ ಆಗ್ತವೆ. ಅದನ್ನ ಫೋನಲ್ಲಿ ಮಾತಾಡೋಣ. ಮಗನ ವಿಷಯ ಮಾತ್ರ ಬರೆದೇ ಹೇಳಬೇಕು ಅನ್ನಿಸಿತು. ಅದೇ ದಾರೀಲಿ ನನ್ನ ಮಗನ ಜೊತೆ ನಾನು ಏಳು ವರ್ಷ ಓಡಾಡಿದೀನಿ.

ಓದು ಬಿಡಿಸೋ ಮಾತೇ ಇಲ್ಲ. ಇಂಗ್ಲೆಂಡಲ್ಲಿ ಹದಿನೆಂಟು ತುಂಬೋವರೆಗೆ ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕು ಅಂತ ಕಾನೂನಿದೆ. ಹದಿನಾರಕ್ಕೆ ಕ್ಲಬ್ ಇಟ್ಟುಕೊಂಡರೆ ಎರಡು ವರ್ಷದ ಸ್ಕಾಲರ್‌ಶಿಪ್ ಕೊಡ್ತಾರೆ, ಆಟದ ಜೊತೆಗೆ ಓದೂ ಅದರಲ್ಲೇ ಸೇರಿರುತ್ತೆ. ಹದಿನೆಂಟಕ್ಕೆ ಪ್ರೊಫೆಷನಲ್ ಕಾಂಟ್ರಾಕ್ಟ್ ಕೊಡ್ತಾರೋ ಇಲ್ವೋ ಅನ್ನೋದು ತೀರ್ಮಾನ. ಹದಿನಾರಕ್ಕೆ ಬರೆಯೋ ಜಿಸಿಎಸ್‌ಇ ಪರೀಕ್ಷೆಗೆ ಮಗ ಚೆನ್ನಾಗಿ ಓದಲಿ, ಯಾವ ಕೋಚ್ ಏನೇ ಹೇಳಲಿ, ಅದರಲ್ಲಿ ರಾಜಿ ಬೇಡ.

ಕಾಗದ ಪತ್ರದ ಒಂದು ವಿಷಯ ಈಗಲೇ ನೋಡಿಕೊಳ್ಳಿ. ಹತ್ತು ವರ್ಷ ಮೇಲ್ಪಟ್ಟ ಮಗು ಬೇರೆ ದೇಶದಿಂದ ಬಂದು ಇಲ್ಲಿ ಕ್ಲಬ್ಬಿಗೆ ಸೇರಬೇಕಾದರೆ ಅಂತಾರಾಷ್ಟ್ರೀಯ ಕ್ಲಿಯರೆನ್ಸ್ ಬೇಕು. ಮಕ್ಕಳನ್ನು ಆಟಕ್ಕೋಸ್ಕರ ದೇಶ ದಾಟಿಸಬಾರದು ಅಂತ ಫಿಫಾ ನಿಯಮ. ಅಪ್ಪ ಅಮ್ಮ ಫುಟ್‌ಬಾಲಿಗೆ ಸಂಬಂಧ ಇಲ್ಲದ ಕಾರಣಕ್ಕೆ ಬಂದಿದ್ದರೆ ವಿನಾಯಿತಿ ಇದೆ, ನೀವು ಬಂದಿದ್ದು ನರ್ಸ್ ಕೆಲಸಕ್ಕೆ. ನಿಮ್ಮ ವೀಸಾ, ಆಸ್ಪತ್ರೆಯ ಪತ್ರ, ಮನೆ ವಿಳಾಸದ ಪುರಾವೆ, ಮಗನ ಜನನ ಪತ್ರ ಎಲ್ಲ ಒಂದೇ ಫೈಲಲ್ಲಿ ಇಟ್ಟಿರಿ.

ಈಗ ಹೊಟ್ಟೆಪಾಡಿನ ಮಾತು. ಟಿವಿಯಲ್ಲಿ ಕಾಣೋ ಕೋಟಿಗಳು ಪ್ರೀಮಿಯರ್ ಲೀಗಿನ 20 ಕ್ಲಬ್ಬಿನವು. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲೂ 24 ಕ್ಲಬ್, ಒಟ್ಟು 92. ನಿಮ್ಮ ಮಗನನ್ನು ಕರೆದಿರೋದು ಆ ಕೊನೇ ಮೆಟ್ಟಿಲಿನವರು. ಅಲ್ಲಿ ಆಡೋರೂ ಪೂರ್ತಿ ಪ್ರೊಫೆಷನಲ್‌ಗಳೇ, ಅದೇ ಅವರ ಅನ್ನ. ಆದರೆ ಆ ಅನ್ನ ಹೇಗಿರುತ್ತೆ ಅಂತ ನಾನು ನೋಡಿದ್ದು ನಮ್ಮ ಪಕ್ಕದ ಮನೆಯಲ್ಲಿ.

ನಾವಿರೋದು ಮ್ಯಾಂಚೆಸ್ಟರಿಂದ ಉತ್ತರಕ್ಕೆ, ಲ್ಯಾಂಕಷೈರಿನ ಒಂದು ಸಣ್ಣ ಊರಲ್ಲಿ. 2011ರಲ್ಲಿ ಪಕ್ಕದ ಬಾಡಿಗೆ ಮನೆಗೆ ಇಪ್ಪತ್ತೇಳು ವರ್ಷದ ಹುಡುಗ, ಹೆಂಡತಿ, ಕೈಗೂಸು ಬಂದರು. ಲೀಗ್ ಟೂನಲ್ಲಿ ಸೆಂಟರ್ ಬ್ಯಾಕ್, ಅಂದರೆ ನಡುವಿನ ಡಿಫೆಂಡರ್. ಆ ವರ್ಷ 46 ಲೀಗ್ ಪಂದ್ಯದಲ್ಲಿ 41 ಆಡಿದ, ಒಂದು ಗೋಲೂ ಹೊಡೆಯಲಿಲ್ಲ. ಹೊಡೆಯೋದು ಅವನ ಕೆಲಸವೂ ಅಲ್ಲ. ಭಾನುವಾರ ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ಫ್ರೀಜರಿಂದ ತೆಗೆದ ಬಟಾಣಿ ಪೊಟ್ಟಣವನ್ನ ಟವೆಲಲ್ಲಿ ಸುತ್ತಿ ಕಣಕಾಲಿಗೆ ಕಟ್ಟಿಕೊಳ್ತಿದ್ದ. ಎಡ ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗುರುತು ಒಂದರ ಮೇಲೊಂದು ಮೂರು. ನಾನು ರೇಡಿಯೋಗ್ರಾಫರ್, ಯಾರೂ ಕೇಳದಿದ್ದರೂ ಆ ಕಣಕಾಲಿನ ಎಕ್ಸ್‌ರೇ ತೆಗೆಸಬೇಕು ಅನ್ನಿಸೋದು. ಆಡೋದಿಲ್ಲ ಅಂದರೆ ಜಾಗ ಇನ್ನೊಬ್ಬನಿಗೆ ಹೋಗುತ್ತೆ, ಆಟಕ್ಕೆ ಇಷ್ಟು ಅಂತ ಸಿಗೋ ದುಡ್ಡೂ ಹೋಗುತ್ತೆ ಅಂತಿದ್ದ. ಅವನ ಸಂಬಳ ನನ್ನದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನನಗೆ ಅರವತ್ತು ದಾಟೋವರೆಗೂ ಕೆಲಸ ಇದೆ, ಅವನಿಗೆ ಮೂವತ್ತೈದು ದಾಟಿದರೆ ದೊಡ್ಡ ಮಾತು.

ಏಪ್ರಿಲ್ ಬಂದರೆ ಆ ಮನೆಯಲ್ಲಿ ಮಾತು ಕಡಿಮೆ ಆಗೋದು. ಕಾಂಟ್ರಾಕ್ಟ್ ಮುಗಿಯೋದು ಜೂನ್ 30ಕ್ಕೆ, ಕ್ಲಬ್ಬುಗಳು ಯಾರನ್ನ ಇಟ್ಕೋತೀವಿ ಯಾರನ್ನ ಬಿಡ್ತೀವಿ ಅಂತ ಪಟ್ಟಿ ಬಿಡೋದು ಮೇ ತಿಂಗಳಲ್ಲಿ. ಕೆಳಗಿನ ಲೀಗುಗಳಲ್ಲಿ ಒಂದು ವರ್ಷದ ಕಾಂಟ್ರಾಕ್ಟೇ ಹೆಚ್ಚು, ಎರಡು ವರ್ಷ ಸಿಕ್ಕರೆ ಹಬ್ಬ. ಪರ್ಮಿಟ್ ಮುಂದುವರಿಯುತ್ತೋ ಇಲ್ವೋ ಅಂತ ಪೋಸ್ಟ್‌ಮ್ಯಾನ್ ದಾರಿ ಕಾಯ್ತಿದ್ದ ನನ್ನ ಮೊದಲ ವರ್ಷಗಳು ಅವನನ್ನ ನೋಡಿದಾಗ ನೆನಪಾಗ್ತಿದ್ದವು. ಅವನು ಹುಟ್ಟಿದ್ದು ಇದೇ ದೇಶದಲ್ಲಿ, ಬಾಳಿದ್ದು ನಮ್ಮ ಹಾಗೇ. ಮೂರನೇ ವರ್ಷದ ಮೇನಲ್ಲಿ ಪಟ್ಟಿಯಲ್ಲಿ ಅವನ ಹೆಸರು ಬಿಟ್ಟರು. ಹೆಂಡತಿ ಪಾತ್ರೆಗಳನ್ನ ಹಳೇ ಪೇಪರಲ್ಲಿ ಸುತ್ತಿ ಡಬ್ಬಿಗೆ ತುಂಬೋವಾಗ ನನ್ನ ಮನೆಯವಳು ಸಹಾಯಕ್ಕೆ ಹೋಗಿದ್ದಳು. ಆ ಮಗು ಅಷ್ಟರಲ್ಲಿ ಮೂರನೇ ಊರು ನೋಡ್ತಿತ್ತು.

ಬೆಂಗಳೂರಿನವರಿಗೆ ಗೊತ್ತಿರೋ ಉದಾಹರಣೆ ಆಶ್ಲಿ ವೆಸ್ಟ್‌ವುಡ್. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಮೊದಲ ಕೋಚ್, ಮೊದಲ ಸೀಸನ್‌ನಲ್ಲೇ ಆಗ ಭಾರತದ ಅಗ್ರ ಲೀಗಾಗಿದ್ದ ಐ-ಲೀಗ್ ಗೆಲ್ಲಿಸಿದವರು. ಅವರೂ ಡಿಫೆಂಡರ್. ಹುಡುಗನಾಗಿ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕಲಿತರು, ಅಲ್ಲಿ ಮೊದಲ ತಂಡದಲ್ಲಿ ಜಾಗ ಸಿಗಲಿಲ್ಲ. ಕ್ರೂ ಅನ್ನೋ ಊರಿನ ಕ್ಲಬ್ಬಿಗೆ ಹೋದರು, ಆಮೇಲೆ ಬ್ರಾಡ್‌ಫರ್ಡ್. 1999ರಲ್ಲಿ ಬ್ರಾಡ್‌ಫರ್ಡ್ ಪ್ರೀಮಿಯರ್ ಲೀಗಿಗೆ ಏರಿದಾಗ ಅವರಿಗೂ ಬೆರಳೆಣಿಕೆಯ ಪಂದ್ಯ ಸಿಕ್ಕವು. ಆಮೇಲೆ ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಸ್ವಿಂಡನ್, ಸ್ಟೀವನೇಜ್, ರೆಕ್ಸಮ್. ಭೂಪಟ ತೆಗೆದು ಈ ಊರುಗಳನ್ನ ಗೆರೆ ಎಳೆದು ಸೇರಿಸಿ ನೋಡಿ, ಒಂದು ಸಂಸಾರ ಎಷ್ಟು ಸಲ ಮನೆ ಖಾಲಿ ಮಾಡಿರಬಹುದು ಅಂತ ತಿಳಿಯುತ್ತೆ. ಅವರ ಜೊತೆ ನಮ್ಮೂರಿಗೆ ಬಂದ ಜಾನ್ ಜಾನ್ಸನ್ ಕೂಡ ಡಿಫೆಂಡರ್ರೇ, ಮಿಡಲ್ಸ್‌ಬರೋ ಹುಡುಗ, ನಾರ್ಥಾಂಪ್ಟನ್‌ನಲ್ಲಿ ಆಡಿದ್ದವನು. ಬೆಂಗಳೂರಲ್ಲಿ ಐದು ಸೀಸನ್ ಆಡಿದ. ನಾನು ಬೆಂಗಳೂರಿನ ಆಸ್ಟಿನ್ ಟೌನಲ್ಲಿ ಬೆಳೆದವನು. ಮೊದಲ ಸೀಸನ್ನಿನ ಆಟಗಳು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಡೀತಿದ್ದವು, ಅಮ್ಮನನ್ನ ನೋಡೋಕೆ ಬಂದಾಗ ಒಂದು ಆಟಕ್ಕೆ ಹೋಗಿದ್ದೆ. ನಾನು ಬಿಟ್ಟು ಬಂದ ಗಲ್ಲಿಯ ಹುಡುಗರು, ನಾನು ಹೋಗಿ ಸೇರಿದ ದೇಶದಿಂದ ಬಂದ ಒಬ್ಬನ ಹೆಸರು ಕೂಗ್ತಿದ್ದರು. ಕಣ್ಣು ತುಂಬಿ ಬಂತು. ಇಂಗ್ಲೆಂಡಲ್ಲಿ ಇವನ ಹೆಸರು ಕೂಗೋರು ಎಷ್ಟು ಜನ ಇದ್ದಿರಬಹುದು ಅಂತಲೂ ಅನ್ನಿಸಿತು.

ಇನ್ನೊಂದು ವಿಷಯ ಆಸ್ಪತ್ರೆಯವನಾಗಿ ಹೇಳಬೇಕು, ನೀವೂ ಅಲ್ಲಿಯವರೇ. ಡಿಫೆಂಡರ್ ಅಂದರೆ ತಲೆಯಿಂದ ಚೆಂಡು ಹೊಡೆಯೋ ಕೆಲಸ. ಗ್ಲಾಸ್ಗೋದಲ್ಲಿ 2019ರಲ್ಲಿ ಹೊರಬಂದ ಅಧ್ಯಯನದಲ್ಲಿ, ಹಳೇ ಪ್ರೊಫೆಷನಲ್ ಆಟಗಾರರು ಮರೆವಿನಂಥ ಮಿದುಳಿನ ಕಾಯಿಲೆಗಳಿಂದ ಸಾಯೋ ಸಂಭವ ಬೇರೆಯವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಅಂತ ಕಂಡುಬಂತು. 2021ರಲ್ಲಿ ಅದೇ ತಂಡ ಆಡೋ ಜಾಗದ ಪ್ರಕಾರ ಲೆಕ್ಕ ಹಾಕಿದಾಗ ಅತಿ ಹೆಚ್ಚು ಅಪಾಯ ಡಿಫೆಂಡರ್‌ಗಳಿಗೆ, ಹತ್ತಿರ ಹತ್ತಿರ ಐದು ಪಟ್ಟು. ಗೋಲ್‌ಕೀಪರ್‌ಗಳಿಗೆ ಆ ಹೆಚ್ಚಳ ಕಾಣಲಿಲ್ಲ. ಆಮೇಲೆ ಇಲ್ಲಿ ವಾರದ ತಾಲೀಮಿನಲ್ಲಿ ಜೋರಾದ ಹೆಡ್ಡಿಂಗ್ ಹತ್ತಕ್ಕಿಂತ ಹೆಚ್ಚು ಬೇಡ ಅಂತ ಸೂಚನೆ ಬಂತು, ಪ್ರೈಮರಿ ವಯಸ್ಸಿನ ಮಕ್ಕಳ ತಾಲೀಮಿನಿಂದಂತೂ ಅದಕ್ಕೂ ಮೊದಲೇ ತೆಗೆದಿದ್ದರು. ಕ್ಲಬ್ಬಿಗೆ ಹೋದಾಗ ಮೊದಲು ಇದನ್ನೇ ಕೇಳಿ: ನನ್ನ ಮಗ ವಾರಕ್ಕೆ ಎಷ್ಟು ಸಲ ತಲೆ ಕೊಡಬೇಕಾಗುತ್ತೆ, ಯಾರು ಎಣಿಸ್ತಾರೆ? ಸಂಕೋಚ ಬೇಡ. ಹೊಸಬರು, ಬಣ್ಣ ಬೇರೆ, ಇಂಗ್ಲಿಷ್ ಉಚ್ಚಾರಣೆ ಬೇರೆ ಅಂತ ಹಿಂಜರಿದು ನಾನು ಏಳು ವರ್ಷದಲ್ಲಿ ಒಮ್ಮೆಯೂ ಈ ಪ್ರಶ್ನೆ ಕೇಳಲಿಲ್ಲ, ಆ ಬೇಜಾರು ನನಗಿನ್ನೂ ಹೋಗಿಲ್ಲ.

ನನ್ನ ಮಗನನ್ನು ಒಂಬತ್ತಕ್ಕೆ ಸೇರಿಸಿಕೊಂಡ ಕ್ಲಬ್ ಹದಿನಾರಕ್ಕೆ ಬಿಟ್ಟಿತು. ಒಂದು ಸಣ್ಣ ಕೋಣೆ, ಎದುರಿಗೆ ಇಬ್ಬರು, ನಾಲ್ಕು ನಿಮಿಷ. ‘ಎತ್ತರ ಸಾಲದು’ ಅಂದರು. ಕಾರಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಬೂಟು ತೊಳೆದು, ಒರೆಸಿ, ಒಳಗೆ ನ್ಯೂಸ್‌ಪೇಪರ್ ತುರುಕಿ ಗ್ಯಾರೇಜಲ್ಲಿ ಇಟ್ಟ. ಯಾವಾಗಲೂ ಹಾಗೇ ಇಡ್ತಿದ್ದ. ಎಂಟು ತಿಂಗಳು ಅದನ್ನ ಮುಟ್ಟಲಿಲ್ಲ. ಒಂದು ಫೋನ್ ಕೂಡ ಬರಲಿಲ್ಲ ಕ್ಲಬ್ಬಿಂದ. ಎರಡೇ ವರ್ಷ ಕಳೆದಿತ್ತು ಪಕ್ಕದ ಮನೆಯವನು ಊರು ಬಿಟ್ಟು, ಅವನು ಮಾತ್ರ ಸುದ್ದಿ ಕೇಳಿ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದ. ಈಗ ಮಗ ಫಿಸಿಯೋಥೆರಪಿಸ್ಟ್, ಭಾನುವಾರ ಗೆಳೆಯರ ಜೊತೆ ಆಡ್ತಾನೆ, ಲೆಫ್ಟ್ ಬ್ಯಾಕಲ್ಲೇ, ಅಂದರೆ ಎಡಗಡೆಯ ಡಿಫೆಂಡರ್ ಜಾಗದಲ್ಲೇ.

ಹಾಗಂತ ಕಳಿಸಬೇಡಿ ಅಂತ ಹೇಳ್ತಿಲ್ಲ. ಕಳಿಸಿ. ಆ ಏಳು ವರ್ಷ ಅವನಿಗೆ ಊರು ಸಿಕ್ಕಿತು, ಗೆಳೆಯರು ಸಿಕ್ಕರು, ನಮಗೂ ಮಳೆಯಲ್ಲಿ ಗೆರೆಯಾಚೆ ನಿಂತು ಚಹಾ ಹಂಚಿಕೊಳ್ಳೋ ನಾಲ್ಕು ಮನೆ ಸಿಕ್ಕವು. ನೀಲ್ ಟೇಲರ್ ಅಂತ ಒಬ್ಬ ಲೆಫ್ಟ್ ಬ್ಯಾಕ್ ಇದ್ದರು, ತಾಯಿ ಕೋಲ್ಕತ್ತಾ ಮೂಲದವರು. ಮ್ಯಾಂಚೆಸ್ಟರ್ ಸಿಟಿ ಹುಡುಗನಾಗಿದ್ದಾಗಲೇ ಬಿಟ್ಟಿತು. ರೆಕ್ಸಮ್ ಸೇರಿದರು, ಆ ತಂಡ 2008ರಲ್ಲಿ ಲೀಗ್ ಟೂನಿಂದಲೂ ಕೆಳಗೆ ಬಿತ್ತು. ಅಲ್ಲಿಂದ ಸ್ವಾನ್ಸೀ ಮೂಲಕ ಮೇಲೆ ಬಂದು 2016ರಲ್ಲಿ ಯುರೋಪಿನ ದೇಶಗಳ ಪಂದ್ಯಾವಳಿ ಯೂರೋದಲ್ಲಿ ವೇಲ್ಸ್ ಪರವಾಗಿ ರಷ್ಯಾ ಮೇಲೆ ಗೋಲ್ ಹೊಡೆದರು. ಅಂಥದ್ದೂ ಆಗುತ್ತೆ. ಆದರೆ ಮಗನಿಗೆ ಇದೊಂದನ್ನೇ ಹೇಳಬೇಡಿ, ಪಕ್ಕದ ಮನೆಯವನ ಕಥೆಯನ್ನೂ ಹೇಳಿ. ಬರೀ ಬಟಾಣಿ ಪೊಟ್ಟಣದ ಕಥೆ ಅಲ್ಲ. ಮೂವತ್ತಮೂರಕ್ಕೆ ಆಟ ಬಿಟ್ಟು ಎಲೆಕ್ಟ್ರಿಷಿಯನ್ ಕೆಲಸ ಕಲಿತ, ಆಟಗಾರರ ಸಂಘ ಪಿಎಫ್‌ಎ ಕಲಿಕೆಗೆ ಸಹಾಯ ಮಾಡಿತು. ಕೇಳಿದರೆ ‘ಹದಿನೈದು ವರ್ಷ ಶನಿವಾರ ಮೂರು ಗಂಟೆಗೆ ಎಲ್ಲಿರಬೇಕು ಅಂತ ನನಗೆ ಗೊತ್ತಿತ್ತು’ ಅಂತಾನೆ.

ಟ್ರಯಲ್ ಇನ್ನೂ ಮೂರು ವಾರ ಇದೆ ಅಂದಿರಿ. ಬರೋ ಶನಿವಾರ ಇಬ್ಬರೂ ಮಗನ ಜೊತೆ ನಮ್ಮ ಮನೆಗೆ ಬನ್ನಿ, ಊಟ ಮುಗಿಸಿ ಅಕ್ರಿಂಗ್ಟನ್ ಸ್ಟ್ಯಾನ್ಲಿ ಅನ್ನೋ ಸಣ್ಣ ಕ್ಲಬ್ಬಿನ ಆಟಕ್ಕೆ ಹೋಗೋಣ. ಶನಿವಾರ ಮೂರು ಗಂಟೆ ಆಟಗಳನ್ನ ಇಲ್ಲಿ ಟಿವಿಯಲ್ಲಿ ನೇರ ತೋರಿಸೋದಿಲ್ಲ, ಅದೇ ಹೊತ್ತಿಗೆ ಸಣ್ಣ ಕ್ಲಬ್ಬುಗಳ ಮೈದಾನ ಖಾಲಿಯಾಗಬಾರದು ಅಂತ. ಅಲ್ಲಿ ಆಟಗಾರರು ಒಬ್ಬರಿಗೊಬ್ಬರು ಕೂಗೋ ಮಾತೆಲ್ಲ ಕಿವಿಗೆ ಬೀಳುತ್ತೆ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡ, ಹಿಂದುಗಡೆ ನಿಂತ ಐದನೇ ನಂಬರಿನವನನ್ನೇ ತೊಂಬತ್ತು ನಿಮಿಷ ನೋಡು ಅಂತ ಮಗನಿಗೆ ಹೇಳಿರಿ. ಪಕ್ಕದ ಮನೆಯವನು ನನ್ನ ಮಗನಿಗೆ ಹಿತ್ತಲಲ್ಲಿ ಹೇಳಿಕೊಟ್ಟಿದ್ದು ಒಂದಿದೆ: ಎದುರಾಳಿಯ ಕಾಲು ಸುಳ್ಳು ಹೇಳುತ್ತೆ, ಸೊಂಟ ಹೇಳೋದಿಲ್ಲ. ಅದನ್ನ ಆಟ ನೋಡ್ತಾ ತೋರಿಸ್ತೀನಿ. ಎಲ್ಲರಿಗೂ ದಪ್ಪ ಕಾಲುಚೀಲ ಇರಲಿ, ಕೂರೋ ಜಾಗದಲ್ಲಿ ಗಾಳಿ ಜೋರು.