ಲೆಕ್ಕ ಬೇಡ, ಜನ ಬೇಕು ಅನ್ನುವವರಿಗೆ ಯಾವ ಕೆಲಸ ಸರಿ?

ಶಿರಸಿಯಲ್ಲಿ ಆರ್ಟ್ಸ್ ಪಿಯುಸಿ ಮುಗಿಸಿದ, ಲೆಕ್ಕ ಕಂಡರಾಗದ, ಮೃದು ಸ್ವಭಾವದ ತಂಗಿಗೆ ಯಾವ ದಾರಿ ಅಂತ ಕೇಳಿದ್ದೀರಿ. ನಾನಾದರೆ ಮೊದಲು ಸಮಾಜಕಾರ್ಯ ಅನ್ನುತ್ತೇನೆ. 3 ವರ್ಷದ ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಪದವಿ), ಆಮೇಲೆ 2 ವರ್ಷದ ಎಂಎಸ್‌ಡಬ್ಲ್ಯು (ಅದರದ್ದೇ ಸ್ನಾತಕೋತ್ತರ ಪದವಿ).

ಜೋಯಿಡಾ ಕಡೆಯ ಅಜ್ಜಿಯೊಬ್ಬರು ಕಾರವಾರದ ದೊಡ್ಡಾಸ್ಪತ್ರೆಗೆ ಬಂದು, ಚೀಟಿ ಹಿಡಿದು ದಿಕ್ಕು ತೋಚದೆ ನಿಂತಿರುತ್ತಾರೆ ಅಂದುಕೊಳ್ಳಿ. ಅವರನ್ನು ಕೂರಿಸಿ, ಕೊಂಕಣಿಯಲ್ಲೇ ಮಾತಾಡಿಸಿ, ಆಯುಷ್ಮಾನ್ ಕಾರ್ಡಿನ ಕೆಲಸಕ್ಕೆ ಜೊತೆ ನಿಲ್ಲುವುದು ಕೂಡ ಸಮಾಜಕಾರ್ಯ ಓದಿದವರ ಒಂದು ಉದ್ಯೋಗವೇ. ನಿಮ್ಮ ತಂಗಿಯಂಥವರು ಅಲ್ಲಿ ತುಂಬಾ ಬೇಕು.

ನರ್ಸಿಂಗ್‌ನಲ್ಲಿ 3 ವರ್ಷದ ಜಿಎನ್‌ಎಂ ಅನ್ನುವ ಡಿಪ್ಲೊಮಾ ಇದೆ. ಔಷಧದ ಪ್ರಮಾಣ, ಡ್ರಿಪ್‌ನ ಹನಿ ಲೆಕ್ಕ ಹಾಕಲೇಬೇಕು. ಅದು ಗುಣಾಕಾರ, ಭಾಗಾಕಾರ ಅಷ್ಟೇ, ಹೆದರಬೇಕಿಲ್ಲ. ಗೋಕರ್ಣ, ಮುರ್ಡೇಶ್ವರದ ಕಡೆ ಹೋಂಸ್ಟೇ ಕೆಲಸವೂ ಉಂಟು, ಮಳೆಗಾಲದಲ್ಲಿ ಜನ ಕಡಿಮೆ. ಬ್ಯಾಂಕ್ ಪರೀಕ್ಷೆಗೆ ಮಾತ್ರ ಸುಮ್ನೆ ಒತ್ತಾಯ ಮಾಡಬೇಡಿ.