ಇವಾಂಗೆಲಿಯನ್: ಅನಿಮೆ ನೋಡಿದ ಮೇಲೆ ಮಂಗಾ ಓದಬೇಕಾ?

ಜಪಾನಿನ ಅನಿಮೆ (ಆನಿಮೇಷನ್ ಸರಣಿ) ನಿಯಾನ್ ಜೆನೆಸಿಸ್ ಇವಾಂಗೆಲಿಯನ್‌ನ 26 ಎಪಿಸೋಡ್ ನೋಡಿ ಮುಗಿಸಿದ್ದೀರಿ, ಅದರ ಮಂಗಾ (ಜಪಾನಿ ಕಾಮಿಕ್ಸ್) ಓದಿದರೆ ಅದೇ ಕಥೆ ಮತ್ತೆ ಓದಿದ ಹಾಗಾಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ, ಖಂಡಿತ ಓದಿ. ಅದನ್ನು ಬರೆದು ಚಿತ್ರಿಸಿದವರು ಯೋಶಿಯುಕಿ ಸದಾಮೊತೊ, ಅನಿಮೆಯ ಪಾತ್ರಗಳಿಗೆ ರೂಪ ಕೊಟ್ಟವರೂ ಅವರೇ. ಅನಿಮೆ 1995ರ ಅಕ್ಟೋಬರ್‌ನಲ್ಲಿ ಶುರುವಾಗಿ ಮುಂದಿನ ಮಾರ್ಚ್‌ಗೆ ಮುಗಿಯಿತು. ಮಂಗಾ ಅದಕ್ಕೂ ಮುಂಚೆ ಶುರುವಾಗಿ, ನಡುನಡುವೆ ನಿಂತು, 2013ರವರೆಗೆ ನಡೆಯಿತು. ಒಟ್ಟು 14 ಸಂಪುಟ.

ಜಾಸ್ತಿ ಬದಲಾಗಿರುವುದು ಕಥಾನಾಯಕ ಶಿಂಜಿ. ಅನಿಮೆಯಲ್ಲಿ ಮಾತುಮಾತಿಗೂ ಸಾರಿ ಕೇಳಿ ಮುದುಡಿಕೊಳ್ಳುವ ಹುಡುಗ ಇಲ್ಲಿ ಎದುರುತ್ತರ ಕೊಡುತ್ತಾನೆ, ಮುಖ ಸಿಂಡರಿಸುತ್ತಾನೆ. ನನಗೆ ಈ ಶಿಂಜಿಯೇ ಹೆಚ್ಚು ಹತ್ತಿರದವನು. ಶಿಂಜಿಗೆ ಪರಿಚಯವಾಗುವ ಹುಡುಗ ಕವೊರು ಅಂತೂ ಬೇರೆಯೇ ಮನುಷ್ಯ. ಅನಿಮೆಯಲ್ಲಿ ಒಂದೇ ಎಪಿಸೋಡ್‌ನಲ್ಲಿ ಬಂದು ಶಿಂಜಿಯ ಮನಸ್ಸು ಗೆದ್ದುಬಿಡುತ್ತಾನೆ ಅಲ್ವಾ? ಮಂಗಾದಲ್ಲಿ ಬೇಗ ಬರುತ್ತಾನೆ, ಬಂದವನೇ ಶಿಂಜಿಯ ಕಣ್ಣೆದುರೇ ಒಂದು ಬೆಕ್ಕಿನ ಮರಿಯನ್ನು ಕೊಂದು, ಬಿಟ್ಟಿದ್ದರೂ ಹಸಿವಿನಿಂದ ಸಾಯುತ್ತಿತ್ತು ಅಂತ ತಣ್ಣಗೆ ಕಾರಣ ಕೊಡುತ್ತಾನೆ, ಆಮೇಲೆ ಇಬ್ಬರ ನಡುವಿನ ಪ್ರತಿ ಮಾತಿಗೂ ಆ ಕಹಿ ಅಂಟಿಕೊಂಡೇ ಇರುತ್ತದೆ.

ಹೋರಾಟದ ದೃಶ್ಯಗಳಲ್ಲಿ ಅನಿಮೆಯೇ ಮುಂದು, ಅದರ ಸಂಗೀತ, ಅದರ ಮೌನ ಕಾಗದದ ಮೇಲೆ ಬರಲ್ಲ. ಮಂಗಾದಲ್ಲಿ ಕೆಲವು ಏಂಜೆಲ್‌ಗಳು (ಕಥೆಯಲ್ಲಿ ದಾಳಿ ಮಾಡುವ ವಿಚಿತ್ರ ಜೀವಿಗಳು) ಬರುವುದೇ ಇಲ್ಲ. ಕೊನೆಯೂ ಬೇರೆ, ಅದನ್ನು ಹೇಳಲ್ಲ. ಮೊದಲ ಸಂಪುಟದಿಂದಲೇ ಓದಿ, ಸುಮ್ನೆ ಮಧ್ಯದಿಂದ ಶುರು ಮಾಡಬೇಡಿ.